ನಿಯಮ ಬದಲಾಗಿ ನಿಂತಿದ್ದ ಪ್ಲಾನ್ ಫೈಲು ಮುಂದೆ ಹೋದದ್ದು ಹೀಗೆ

ಮಂಡ್ಯದಲ್ಲಿ ನಮ್ಮದು 30×40ರ ಸೈಟು. ಮನೆ ಪ್ಲಾನಿಗೆ ಅರ್ಜಿ ಹಾಕಿ ಕಾಯುತ್ತಿದ್ದಾಗ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ನಿಯಮ ಬದಲಾಯಿತು. ಐದು ತಿಂಗಳು ಫೈಲು ಅಲ್ಲಾಡಲಿಲ್ಲ. ಕಚೇರಿಯಲ್ಲಿ ಕೇಳಿದಾಗಲೆಲ್ಲ ‘ಹೊಸ ರೂಲ್ಸ್ ಬಂದಿದೆ, ನೋಡ್ತೀವಿ’ ಅಂತ ಒಂದೇ ಉತ್ತರ.

ವಾರಕ್ಕೊಮ್ಮೆ ಹೋಗಿ ನಿಂತದ್ದು ದಂಡ. ಏಜೆಂಟರು ಹೊಸ ಅರ್ಜಿ ಹಾಕಿ ಅಂದರು; ಹಾಕಿದ್ದರೆ ಎಲ್ಲ ಮತ್ತೆ ಮೊದಲಿಂದ. ‘ಹಳೇ ನಿಯಮದಲ್ಲೇ ಕೊಡಿ’ ಅಂತ ಬರೆದ ಪತ್ರವೂ ಕೆಲಸಕ್ಕೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ ಬಿಡಿ. ಸುಮ್ನೆ ಅರ್ಜಿ ಹಾಕಿದ ಮಾತ್ರಕ್ಕೆ ಹಳೇ ನಿಯಮದ ಹಕ್ಕು ಸಿಗುವುದಿಲ್ಲ, ಮಂಜೂರು ಮಾಡುವ ದಿನ ಜಾರಿಯಲ್ಲಿರುವ ನಿಯಮವೇ ಲೆಕ್ಕ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಹೊಸ ಆದೇಶದಲ್ಲೇ ಬಾಕಿ ಅರ್ಜಿಗಳಿಗೆ ವಿನಾಯಿತಿ ಇದ್ದರೆ ಬೇರೆ ಮಾತು. ನಮ್ಮದರಲ್ಲಿ ಇರಲಿಲ್ಲ.

ಕೆಲಸ ಆದದ್ದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯಿಂದ. ‘ನನ್ನ ಫೈಲು ಏನಾಯ್ತು’ ಅಂತ ಕೇಳಬೇಡಿ. ‘ಇಂಥ ನಂಬರಿನ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ’ ಅಂತ ಬರೆಯಿರಿ. ಫೈಲಿನ ಬಗ್ಗೆ ಅಧಿಕಾರಿಗಳು ಬರೆದದ್ದೆಲ್ಲ ಆ ಹಾಳೆಗಳಲ್ಲೇ ಇರುತ್ತದೆ. ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಪೋಸ್ಟಲ್ ಆರ್ಡರ್. ಉತ್ತರ ಕೊಡಲು ಅವರಿಗೆ ಗಡುವು 30 ದಿನ.

ನನಗೆ ಬಂದ ನಕಲಿನ ಮೂರನೇ ಹಾಳೆಯಲ್ಲಿತ್ತು ವಿಷಯ: ‘ಇ-ಖಾತೆಯಲ್ಲಿ ಅಗಲ 9.00 ಮೀ., ನಕ್ಷೆಯಲ್ಲಿ 9.14 ಮೀ.’ 30 ಅಡಿ ಅಂದರೆ 9.14 ಅಲ್ವಾ? ಖಾತೆ ಮಾಡುವಾಗ ಯಾರೋ ರೌಂಡ್ ಮಾಡಿದ್ದರು. ಸೆಟ್‌ಬ್ಯಾಕ್ ಬರೀ ಎರಡನೇ ತಕರಾರು.

ಮೊದಲು ಕ್ರಯಪತ್ರ ತೋರಿಸಿ ಖಾತೆಯ ಅಳತೆ ತಿದ್ದಿಸಿದೆ. ಆಮೇಲೆ ಹೊಸ ಸೆಟ್‌ಬ್ಯಾಕಿಗೆ ನಕ್ಷೆ ಬದಲಿಸಿದೆ. ಹಿಂದುಮುಂದು ಮಾಡಿದರೆ ನಕ್ಷೆ ಎರಡು ಸಲ ಬರೆಸಬೇಕಾಗುತ್ತದೆ. ‘ಪರಿಷ್ಕೃತ ನಕ್ಷೆ’ ಅಂತ ಹಳೇ ಕಡತದ ನಂಬರಿಗೇ ಸೇರಿಸಿ, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಹದಿನೆಂಟನೇ ದಿನ ಮಂಜೂರಾತಿ ಬಂತು.