ಮುಂಗುಸಿಯ ಮೈಗೆ ಕೂದಲು ಒಗ್ಗಿಸಿದ ಬಗೆ

ಡೊಂಬಿವಲಿಯ ಕನ್ನಡ ಬಳಗದ ಮಕ್ಕಳ ಕಿರುಚಿತ್ರಕ್ಕಾಗಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮುಂಗುಸಿಯೊಂದನ್ನು ರೂಪಿಸಿದ್ದೆ. ಆಕಾರವೇನೋ ಸರಿಯಾಗಿತ್ತು, ಕೂದಲು ಬೆಳೆಸಿದ ಮೇಲೆ ಸೋದರಳಿಯ ನೋಡಿ, “ಮಾವ, ಪೊರಕೆಯ ಹಾಗಿದೆ” ಎಂದನು. ಅವನ ಮಾತು ನಿಜವಾಗಿತ್ತು.

ಮಾದರಿಯನ್ನು ಹಿಗ್ಗಿಸಿದ ಬಳಿಕ ಸ್ಕೇಲ್ ಅಪ್ಲೈ ಮಾಡದಿದ್ದುದು (ಬದಲಾದ ಅಳತೆಯನ್ನೇ ಮೂಲ ಅಳತೆಯಾಗಿ ಖಾಯಂಗೊಳಿಸದಿದ್ದುದು) ಮೊದಲ ತಪ್ಪು. ಅದನ್ನು ಸರಿಪಡಿಸಿದೊಡನೆ ಕೂದಲಿನ ಉದ್ದ ಹಿಡಿತಕ್ಕೆ ಬಂದಿತು. ಅನಂತರ ಒಂದೇ ಪದರದ ಬದಲು, ಒಳಗೆ ಗಿಡ್ಡನೆಯ ದಟ್ಟ ಕೂದಲು, ಮೇಲೆ ವಿರಳವಾದ ಉದ್ದನೆಯ ಒರಟು ಕೂದಲು ಎಂದು ಎರಡು ಪಾರ್ಟಿಕಲ್ ಸಿಸ್ಟಮ್‌ಗಳನ್ನು (ಕೂದಲು ಬೆಳೆಸುವ ವ್ಯವಸ್ಥೆಗಳನ್ನು) ಮಾಡಿ, ಮೇಲಿನದಕ್ಕೆ ಮಾತ್ರ ತುಸು ಕ್ಲಂಪ್ (ಕೂದಲು ಗೊಂಚಲಾಗಿ ಸೇರುವ ಗುಣ) ಕೊಟ್ಟೆ.

ಆದರೂ ಬಣ್ಣ ಸಪ್ಪೆಯಾಗಿಯೇ ಉಳಿಯಿತು. ನಮ್ಮ ಕಟ್ಟಡದ ಹಿಂದಿನ ಪೊದೆಗಳಲ್ಲಿ ಓಡಾಡುವ ಮುಂಗುಸಿಯನ್ನು (ಅದು ನಿಂತು ಪೋಸು ಕೊಡುವ ಪ್ರಾಣಿಯಲ್ಲ) ಹಲವು ದಿನ ಗಮನಿಸಿದಾಗ ಕಾರಣ ಹೊಳೆಯಿತು: ಅದರ ಒಂದೊಂದು ಕೂದಲಿನಲ್ಲೂ ತಿಳಿ ಮತ್ತು ಗಾಢ ಬಣ್ಣದ ಪಟ್ಟಿಗಳಿದ್ದು, ದೂರದಿಂದ ಅವೇ ಬೆರೆತು ಬೂದುಬಣ್ಣವಾಗಿ ಕಾಣುತ್ತವೆ. ಕೂದಲಿನ ವಿವರ ಕೊಡುವ ಘಟಕವಾದ ಹೇರ್ ಇನ್ಫೋ (ಹೊಸ ಆವೃತ್ತಿಗಳಲ್ಲಿ ಕರ್ವ್ಸ್ ಇನ್ಫೋ) ನೋಡ್‌ನ ಇಂಟರ್ಸೆಪ್ಟ್ (ಕೂದಲಿನ ಉದ್ದಕ್ಕೆ ಸ್ಥಾನ ತಿಳಿಸುವ ಬೆಲೆ) ಬುಡದಲ್ಲಿ 0, ತುದಿಯಲ್ಲಿ 1 ಆಗಿರುವುದರಿಂದ, ಅದನ್ನು ಬೆಲೆಗೆ ತಕ್ಕಂತೆ ಬಣ್ಣ ಬದಲಿಸುವ ಕಲರ್ ರ‍್ಯಾಂಪ್‌ನ ಮೂಲಕ, ಕೂದಲಿನ ಬಣ್ಣ, ಹೊಳಪು ನಿರ್ಧರಿಸುವ ಪ್ರಿನ್ಸಿಪಲ್ಡ್ ಹೇರ್ ಶೇಡರ್‌ನ ಮೆಲನಿನ್‌ಗೆ (ಕೂದಲ ಬಣ್ಣದ ಗಾಢತೆಯ ಪ್ರಮಾಣಕ್ಕೆ) ಜೋಡಿಸಿದೆ. ಪಟ್ಟಿಗಳು ಸಾಲಾಗಿ ನಿಂತು ಉಂಗುರಗಳಂತೆ ಕಂಡದ್ದರಿಂದ, ಅದೇ ನೋಡ್‌ನ ರ‍್ಯಾಂಡಮ್ ಬೆಲೆಯನ್ನು (ಪ್ರತಿ ಕೂದಲಿಗೂ ಬೇರೆಯಾಗಿರುವ ಸಂಖ್ಯೆಯನ್ನು) ಅಲ್ಪ ಪ್ರಮಾಣದಲ್ಲಿ ಇಂಟರ್ಸೆಪ್ಟ್‌ಗೆ ಕೂಡಿಸಿದೆ. ಮೂತಿಯ ಮೇಲಿನ ಕೂದಲನ್ನಂತೂ ಬಾಚಣಿಗೆ ಸಾಧನದಿಂದ ಕೈಯಾರೆ ತಿದ್ದಬೇಕಾಯಿತು.