ಡಿಗ್ರಿ ಆಯ್ತು, ಮುಂದೆ ಓದಬೇಕಾ? ಅರ್ಜಿ ಹಾಕುವ ಮುಂಚೆ ಇಷ್ಟು ಮಾಡಿ

ಜನವರಿಯಲ್ಲಿ ಸೋಮವಾರಪೇಟೆ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಕಣದ ತುಂಬ ಕಾಫಿ ಹರಡಿತ್ತು. ಬಿ.ಎಸ್ಸಿ. ಕೊನೇ ವರ್ಷದ ಮಗಳು ಕಾಲಲ್ಲೇ ಸಾಲು ಎಳೆಯುತ್ತಾ ಕಾಫಿ ಮಗುಚುತ್ತಿದ್ದಳು. ಅವಳಿಗೆ ಸಂಶೋಧನೆ ಮಾಡುವ ಆಸೆ. ಅಪ್ಪ ಕೇಳಿದರು: 'ಪಿಎಚ್‌ಡಿ ಮುಗಿಯೋವರೆಗೂ ದುಡ್ಡು ಎಲ್ಲಿಂದ ಸುರೀಲಿ?'

ಈ ಪ್ರಶ್ನೆಯನ್ನು ಕೊಡಗಿನ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹಾಗಾಗಿ ದುಡ್ಡಿನಿಂದಲೇ ಶುರು ಮಾಡಿ.

ಎಂ.ಎ., ಎಂ.ಎಸ್ಸಿ. ಬೇರೆ, ಪಿಎಚ್‌ಡಿ ಬೇರೆ. ಮೊದಲನೆಯದು ಎರಡು ವರ್ಷದ ಕ್ಲಾಸು, ಪರೀಕ್ಷೆ. ಅಲ್ಲಿ ಫೀಸು ನಾವೇ ಕಟ್ಟಬೇಕು. ಪಿಎಚ್‌ಡಿ ಹೆಚ್ಚು ಕಡಿಮೆ ಕೆಲಸವಿದ್ದ ಹಾಗೆ. ಫೀಸು ಅಲ್ಲೂ ಇದೆ, ಆದರೆ ಯುಜಿಸಿ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಕೈಗೆ ಬರುತ್ತದೆ. ಗೇಟ್ ಅನ್ನುವ ಪ್ರವೇಶ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಇವೆಲ್ಲ ಎಲ್ಲರಿಗೂ ಸಿಗುವುದಿಲ್ಲ, ಪೈಪೋಟಿ ಜಾಸ್ತಿ. ಆದರೂ ಇಂಥದ್ದೊಂದು ದಾರಿ ಇದೆ ಅಂತ ಗೊತ್ತಿಲ್ಲದೇ ಆಸೆ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮನೆಯವರನ್ನು ಕೂರಿಸಿಕೊಂಡು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6 ವರ್ಷದವರೆಗೆ ಅವಕಾಶ ಅನ್ನುವುದನ್ನೂ ಮುಚ್ಚಿಡದೆ ಹೇಳಿ.

ಆಮೇಲೆ, ಯಾಕೆ ಓದಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ. 'ಪಿಜಿ ಆದ್ರೆ ಲೆಕ್ಚರರ್ ಕೆಲಸ ಗ್ಯಾರಂಟಿ' ಅಂತ ನಂಬಿದವರು ತುಂಬ ಇದ್ದಾರೆ. ಅದು ತಪ್ಪು. ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕದ ಜೊತೆಗೆ ನೆಟ್ ಅಥವಾ ಕೆ-ಸೆಟ್ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಬೇಕು, ಇಲ್ಲವೇ ಪಿಎಚ್‌ಡಿ ಬೇಕು. ಶೇಕಡಾ ಅಂಕದಲ್ಲಿ ಮೀಸಲಾತಿಯವರಿಗೆ ರಿಯಾಯಿತಿ ಇದೆ. ರ‍್ಯಾಂಕ್ ಬಂದವರಿಗೆ ಮಾತ್ರ ಪಿಎಚ್‌ಡಿ ಅನ್ನುವುದೂ ಸುಳ್ಳು.

ಮೂರನೆಯದಾಗಿ, ಸುತ್ತ ನೋಡಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ ಇವೆ. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಪಿಜಿ ತರಗತಿಗಳು ನಡೆಯುತ್ತವೆ. ಅರೇಬಿಕಾಗೆ ಬೀಳುವ ಬಿಳಿ ಕಾಂಡಕೊರಕ ಹುಳು, ದೇವರಕಾಡು, 2018ರಲ್ಲಿ ಗುಡ್ಡ ಕುಸಿದದ್ದು, ಎಲ್ಲವೂ ಜನ ಕೂತು ಓದುತ್ತಿರುವ ವಿಷಯಗಳೇ. ನಿಮ್ಮ ತೋಟದಲ್ಲಿ ಕಂಡದ್ದೇ ನಾಳೆ ನಿಮ್ಮ ಪ್ರಬಂಧದ ವಿಷಯ ಆಗಬಹುದು ಅಲ್ವಾ?

ಸೇರುವ ಮುಂಚೆ ಅಲ್ಲಿ ಈಗ ಓದುತ್ತಿರುವ ಒಬ್ಬರನ್ನಾದರೂ ಮಾತಾಡಿಸಿ. ಗೈಡ್ (ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು) ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಸ್ಟೈಪೆಂಡ್ ಸಮಯಕ್ಕೆ ಬರುತ್ತದಾ, ಹಾಸ್ಟೆಲ್ ಹೇಗಿದೆ ಅಂತ ಕೇಳಿ. ವೆಬ್‌ಸೈಟ್‌ನಲ್ಲಿ ಇವು ಸಿಗುವುದಿಲ್ಲ. ಗೈಡ್ ಒಳ್ಳೆಯವರಾದರೆ ಕಾಲೇಜಿನ ಹೆಸರು ಸಣ್ಣದಿದ್ದರೂ ಪರವಾಗಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಅರ್ಜಿ. ನಮ್ಮಲ್ಲಿ ಪೇಚಾಟ ಶುರುವಾಗುವುದು ಹೆಸರಲ್ಲಿ. ಆ ಹುಡುಗಿಯ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮನೆ ಹೆಸರಿನ ಬದಲು ಬರೀ ಇನಿಷಿಯಲ್ ಇತ್ತು. ಆಧಾರ್‌ನಲ್ಲಿ ಮನೆ ಹೆಸರು ಪೂರ್ತಿ, ಅದೂ ಮುಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ, ವ್ಯತ್ಯಾಸ ಇದ್ದರೆ ಈಗಲೇ ತಿದ್ದಿಸಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಫೋನಿನಲ್ಲೂ ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಕೊನೇ ದಿನಕ್ಕೆ ಅಂತ ಕಾಯಬೇಡಿ. ಜೂನ್ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗುತ್ತವೆ. ಅಂಥ ದಿನ ಫಾರಂ ತುಂಬಬೇಕೆಂದರೆ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಬಸ್ಸು ಹತ್ತಬೇಕಾಗುತ್ತದೆ.