ಸೆಕೆಂಡ್ ಹ್ಯಾಂಡ್ ಔಡಿ ಟಿಟಿ ಕೊಳ್ಳುವವರು ನೋಡಬೇಕಾದದ್ದು

ಎರಡು ಬಾಗಿಲಿನ, ನೆಲಕ್ಕೆ ಒತ್ತಿ ಕುಳಿತಂತೆ ಕಾಣುವ ಚಿಕ್ಕ ಸ್ಪೋರ್ಟ್ಸ್ ಕಾರನ್ನು ಕೊಳ್ಳಬೇಕೆಂದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಂದು ಯಾರಾದರೂ ಹೊರಟರೆ, ಹೊಸ ಗಾಡಿಗಳ ಪಟ್ಟಿ ಬೆರಳೆಣಿಕೆಯಲ್ಲೇ ಮುಗಿದುಹೋಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ರೋಡ್‌ಸ್ಟರ್ (ಮಾಡು ತೆರೆಯಬಹುದಾದ ಸ್ಪೋರ್ಟ್ಸ್ ಕಾರು) ಎನಿಸಿಕೊಂಡ ಮಾಜ್ದಾ ಎಂಎಕ್ಸ್-5 ಭಾರತದ ಶೋರೂಮಿಗೆ ಬಂದದ್ದೇ ಇಲ್ಲ. ಪೆಟ್ರೋಲ್ ಎಂಜಿನ್ನಿನ ಪೋರ್ಷೆ 718 ಮಾದರಿಗಳ ತಯಾರಿಕೆ 2025ರಲ್ಲಿ ನಿಂತಿತು. ಔಡಿ ಟಿಟಿಯ ಕೊನೆಯ ಗಾಡಿ ಹಂಗೇರಿಯ ಗ್ಯೋರ್ ಕಾರ್ಖಾನೆಯಿಂದ ಹೊರಬಂದದ್ದು 2023ರ ನವೆಂಬರಿನಲ್ಲಿ. ಆದ್ದರಿಂದ ಕೋಟಿ ರೂಪಾಯಿಯ ಮಾತಿಗೆ ಹೋಗದೆ ಇಂಥ ಕಾರನ್ನು ಬಯಸುವವರಿಗೆ ಹಳೆಯ ಗಾಡಿಯೇ ಗತಿ, ಮತ್ತು ಹಳೆಯ ಗಾಡಿಗಳಲ್ಲಿ ನಮ್ಮ ರಸ್ತೆ, ನಮ್ಮ ಮೆಕ್ಯಾನಿಕ್, ನಮ್ಮ ಜೇಬು ಮೂರಕ್ಕೂ ಹೆಚ್ಚುಕಡಿಮೆ ಹೊಂದುವುದು ಟಿಟಿ ಕೂಪೆಯೇ, ಅಂದರೆ ಮಾಡು ತೆರೆಯದ ಮಾದರಿಯೇ, ಎಂಬುದು ನನ್ನ ಅಭಿಪ್ರಾಯ.

ಟಿಟಿ ಮೊದಲು ಮಾರುಕಟ್ಟೆಗೆ ಬಂದದ್ದು 1998ರಲ್ಲಿ. ಔಡಿ ಭಾರತದಲ್ಲಿ ತನ್ನದೇ ಮಾರಾಟ ಸಂಸ್ಥೆಯನ್ನು ತೆರೆದದ್ದು 2007ರಲ್ಲಾದ್ದರಿಂದ ಇಲ್ಲಿ ಸಿಗುವವು ಬಹುಪಾಲು ಎರಡನೆಯ ಮತ್ತು ಮೂರನೆಯ ತಲೆಮಾರಿನ ಗಾಡಿಗಳು. ಎರಡನೆಯದು 2006ರ ವಿನ್ಯಾಸ. ಮೂರನೆಯದು ಇಲ್ಲಿಗೆ 2015ರ ಏಪ್ರಿಲ್‌ನಲ್ಲಿ ಬಂತು, ಆಗಿನ ಶೋರೂಮ್ ಬೆಲೆ ಸುಮಾರು 60 ಲಕ್ಷ ರೂಪಾಯಿ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕ್ವಾಟ್ರೊ ವ್ಯವಸ್ಥೆ ಮತ್ತು ಆರು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದರಲ್ಲಿವೆ. ಹಣ ಹೊಂದುವುದಾದರೆ ಮೂರನೆಯ ತಲೆಮಾರಿನದನ್ನೇ ಹುಡುಕಬೇಕು. 2017ರಲ್ಲಿ ನಮ್ಮಲ್ಲಿ ಮಾರಾಟವಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ ಎಂಜಿನ್ನೂ ಇದೇ ಕುಟುಂಬಕ್ಕೆ ಸೇರಿದ್ದು, ಎರಡೂ ಗಾಡಿಗಳ ತಳಹದಿಯೂ ಒಂದೇ. ಆಕ್ಟೇವಿಯಾವನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೆಕ್ಯಾನಿಕ್‌ಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಟಿಟಿ ಅಪರಿಚಿತವಲ್ಲ.

ಕೂಪೆಯೋ ರೋಡ್‌ಸ್ಟರೋ ಎಂಬ ಪ್ರಶ್ನೆಯನ್ನು ಬೇಗ ಬಗೆಹರಿಸಿಕೊಳ್ಳಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗಿನ ಹೊತ್ತು ಸಕಲೇಶಪುರದ ಕಡೆಗೋ ಮಡಿಕೇರಿಯ ಕಡೆಗೋ ಮಾಡು ತೆರೆದು ಹೋಗುವ ಸುಖ ಬೇರೆಯೇ, ಅದನ್ನು ಅಲ್ಲಗಳೆಯಲಾರೆ. ಉಳಿದ ಎಂಟು ತಿಂಗಳು ಬಿಸಿಲು, ಮಳೆ, ಸಿಗ್ನಲ್ಲಿನ ಹೊಗೆ ಮತ್ತು ಧೂಳಿನಿಂದಾಗಿ ಮಾಡು ಮುಚ್ಚಿಯೇ ಇರುತ್ತದೆ. ಆದರೂ ರೋಡ್‌ಸ್ಟರೇ ಬೇಕೆಂದರೆ ಬಿಎಂಡಬ್ಲ್ಯು ಝಡ್4ನ 2009ರ ತಲೆಮಾರನ್ನು ನೋಡಿ. ಅದರ ಮಾಡು ಬಟ್ಟೆಯದಲ್ಲ, ಎರಡು ತುಂಡಾಗಿ ಮಡಚಿಕೊಳ್ಳುವ ಲೋಹದ್ದು. ಅದನ್ನು ಮಾರುವವನ ಎದುರಿಗೇ ಒಂದೆರಡು ಬಾರಿ ಪೂರ್ತಿ ತೆರೆದು ಮುಚ್ಚಿಸಬೇಕು. ನಡುವೆ ತಡವರಿಸಿ ನಿಂತರೆ ಹೈಡ್ರಾಲಿಕ್ ಪಂಪಿನದೋ ಸೆನ್ಸರಿನದೋ ತೊಂದರೆಯಿದೆಯೆಂದು ತಿಳಿಯಬೇಕು. ಮಾಡಿನ ಅಂಚಿನ ನೀರಿನ ಕಾಲುವೆಗಳಲ್ಲಿ ಎಲೆ ಕಟ್ಟಿಕೊಂಡಿದ್ದರೆ ಮಳೆನೀರು ಒಳಕ್ಕಿಳಿಯುತ್ತದೆ, ಹಾಗಾಗಿ ಕಾಲಿಡುವ ಜಾಗದ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ತೇವವಿದೆಯೇ ಎಂದು ನೋಡುವುದನ್ನು ಮರೆಯಬಾರದು.

ಜಾಹೀರಾತಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಎಷ್ಟು ಕಿಲೋಮೀಟರ್ ಓಡಿದೆ ಎಂಬ ಅಂಕಿಯ ಮೇಲೆ. ಇಂಥ ಕಾರುಗಳ ಮಟ್ಟಿಗೆ ಆ ಅಂಕಿಗೆ ನಾವು ಕೊಡುವ ಬೆಲೆ ಅತಿಯಾಯಿತೆಂದೇ ಹೇಳಬೇಕು. ಮನೆಯಲ್ಲಿ ಮೂರನೆಯದೋ ನಾಲ್ಕನೆಯದೋ ಗಾಡಿಯಾಗಿ ಬಂದ ಟಿಟಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೊದಿಕೆಯಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಡುತ್ತವೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸ್ ಬಂದಿಲ್ಲವೆಂದು ಎರಡು ವರ್ಷ ಆಯಿಲ್ ಬದಲಿಸದೆ ಬಿಟ್ಟವರೂ ಇದ್ದಾರೆ. ಹತ್ತು ವರ್ಷದಲ್ಲಿ ಹದಿನೈದು ಸಾವಿರ ಕಿಲೋಮೀಟರ್ ಓಡಿದ ಗಾಡಿಗಿಂತ, ಐವತ್ತು ಸಾವಿರ ಓಡಿ ಪ್ರತಿವರ್ಷ ತಪ್ಪದೆ ಸರ್ವಿಸ್ ಆದ ಗಾಡಿ ಮೇಲು. ನೋಡಬೇಕಾದದ್ದು ಮೀಟರನ್ನಲ್ಲ, ಸರ್ವಿಸ್ ದಾಖಲೆಯನ್ನು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರಿನ ಮೇಲೆ ಹಿಂದಿನ ಎಲ್ಲ ಕೆಲಸಗಳ ದಾಖಲೆ ಇರುತ್ತದೆ; ಮಾಲೀಕನನ್ನೇ ಜೊತೆಗೆ ಕರೆದೊಯ್ದು ಅದನ್ನು ಮುದ್ರಿಸಿ ಕೊಡುವಂತೆ ಕೇಳಬಹುದು. ಕೊಡಿಸಲು ಹಿಂಜರಿಯುವ ಮಾಲೀಕನ ಗಾಡಿಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಮೇಲಿನ ಗೀರುಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಏಳೆಂಟು ವರ್ಷದ ಟೈರು ವೇಗದ ಗಾಡಿಗೆ ತಕ್ಕದ್ದಲ್ಲ. ನಾಲ್ಕನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಕ್ವಾಟ್ರೊ ಗಾಡಿಯಲ್ಲಿ ನಾಲ್ಕು ಟೈರುಗಳೂ ಒಂದೇ ಜಾತಿಯವಾಗಿರುವುದು, ಹೆಚ್ಚುಕಡಿಮೆ ಒಂದೇ ಸವೆತದವಾಗಿರುವುದು ಅಗತ್ಯ.

ಬಾಡಿಯ ಪರೀಕ್ಷೆ

ಪುಟ್ಟಿ ಹಾಕಿ ಟಿಂಕರಿಂಗ್ ಮಾಡಿದ ಜಾಗವನ್ನು ಪತ್ತೆ ಮಾಡಲು ಅಯಸ್ಕಾಂತ ಹಿಡಿದು ನೋಡುವುದು ಹಳೆಯ ಉಪಾಯ. ಟಿಟಿಯಲ್ಲಿ ಅದು ದಾರಿ ತಪ್ಪಿಸುತ್ತದೆ. ಮೂರನೆಯ ತಲೆಮಾರಿನ ಹೊರ ಫಲಕಗಳು ಅಲ್ಯೂಮಿನಿಯಮ್ಮಿನವಾದ್ದರಿಂದ ಅಯಸ್ಕಾಂತ ಎಲ್ಲಿಯೂ ಅಂಟುವುದಿಲ್ಲ. ಎರಡನೆಯ ತಲೆಮಾರಿನಲ್ಲಿ ಮುಂಭಾಗ ಅಲ್ಯೂಮಿನಿಯಮ್ಮಿನದು, ಬಾಗಿಲು ಮತ್ತು ಡಿಕ್ಕಿಯ ಬಾಗಿಲು ಉಕ್ಕಿನವು. ಅಲ್ಲಿ ಬಾನೆಟ್ಟಿಗೆ ಅಂಟದಿರುವುದೂ ಬಾಗಿಲಿಗೆ ಅಂಟುವುದೂ ಸಹಜವೇ. ಬಣ್ಣದ ದಪ್ಪವನ್ನು ಅಳೆಯುವ ಉಪಕರಣ ಬೇಕಾಗುತ್ತದೆ, ಅದೂ ಅಲ್ಯೂಮಿನಿಯಮ್ಮಿನ ಮೇಲೂ ಕೆಲಸ ಮಾಡುವಂಥದ್ದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದು ಫಲಕ ಮಾತ್ರ 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆಂದು ಅರ್ಥ. ಗೀರು ಬಿದ್ದು ಬಣ್ಣ ಹೊಡೆಸಿದ್ದರೆ ದೊಡ್ಡ ವಿಷಯವಲ್ಲ. ಆದರೆ ಅಲ್ಯೂಮಿನಿಯಮ್ ಚೌಕಟ್ಟಿಗೆ ಪೆಟ್ಟು ಬಿದ್ದಿದ್ದರೆ ಅದನ್ನು ನೇರ ಮಾಡಲು ಬಲ್ಲ ವರ್ಕ್‌ಶಾಪುಗಳು ನಮ್ಮಲ್ಲಿ ತೀರಾ ಕಡಿಮೆ.

ನೀರಿನಲ್ಲಿ ಮುಳುಗಿದ ಗಾಡಿಗಳ ಬಗ್ಗೆ ಕರ್ನಾಟಕದ ಕೊಳ್ಳುಗರು ವಿಶೇಷ ಎಚ್ಚರ ವಹಿಸಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಸುತ್ತಮುತ್ತ ಬೇಸ್‌ಮೆಂಟುಗಳಿಗೆ ನೀರು ನುಗ್ಗಿದಾಗ ದುಬಾರಿ ಕಾರುಗಳೂ ಮುಳುಗಿದವು. 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿಯೂ ಹಾಗೆಯೇ ಆಯಿತು. ಇಂಥ ಗಾಡಿಯನ್ನು ಒಳಗೆಲ್ಲ ತೊಳೆದು ಸುವಾಸನೆ ಹಾಕಿ ನಿಲ್ಲಿಸಿದರೆ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ: ಸುರುಳಿಯ ಒಳಗಿನ ಭಾಗವನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಡಿಕ್ಕಿಯ ತಳದ ಫೋಮಿನ ಅಡಿಯ ಮಣ್ಣು, ಫ್ಯೂಸ್ ಪೆಟ್ಟಿಗೆಯ ಹಸಿರು ಕಿಲುಬು ಇವೂ ಸಾಕ್ಷಿಗಳೇ.

ಓಡಿಸಿ ನೋಡುವಾಗ

ತಾವು ಬರುವ ಮುನ್ನ ಎಂಜಿನ್ ಚಾಲೂ ಮಾಡಬಾರದೆಂದು ಮೊದಲೇ ಹೇಳಿಡಬೇಕು, ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ಎಂದು ನೋಡಬೇಕು. ತಣ್ಣಗಿನ ಎಂಜಿನ್ ಚಾಲೂ ಆದ ಮೊದಲ ಕೆಲವು ಕ್ಷಣ ಸರಪಳಿ ಅಲುಗಾಡಿದ ಕಟಕಟ ಸದ್ದು ಕೇಳಿದರೆ ಅದು ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸವೆದ ಲಕ್ಷಣವಾಗಿರಬಹುದು. ಎರಡನೆಯ ತಲೆಮಾರಿನಲ್ಲಿ 2010ರ ಪರಿಷ್ಕರಣೆಯ ನಂತರ ಬಂದ 211 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಇದು ಹೆಸರುವಾಸಿ ದೋಷ. ಟೆನ್ಷನರ್ ಕೈಕೊಟ್ಟರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಅದೇ ಎಂಜಿನ್ ಆಯಿಲ್ ಕುಡಿಯುವುದಕ್ಕೂ ಪ್ರಸಿದ್ಧ. ಅದಕ್ಕೂ ಹಿಂದಿನ 200 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಚೈನಿನ ಬದಲು ಟೈಮಿಂಗ್ ಬೆಲ್ಟ್ ಇದೆ, ಅದನ್ನು ಬದಲಿಸಿದ ಬಿಲ್ಲನ್ನು ಕೇಳಲೇಬೇಕು. ಮೂರನೆಯ ತಲೆಮಾರಿನಲ್ಲಿ ಟೆನ್ಷನರ್ ಮತ್ತು ಆಯಿಲಿನ ಈ ಎರಡು ಭಯಗಳೂ ಬಹುಮಟ್ಟಿಗೆ ತಗ್ಗಿವೆ. ಅಲ್ಲಿ ನೋಡಬೇಕಾದದ್ದು ಪ್ಲಾಸ್ಟಿಕ್ಕಿನ ಥರ್ಮೋಸ್ಟಾಟ್ ಮತ್ತು ವಾಟರ್ ಪಂಪಿನ ಜಾಗವನ್ನು. ಕೂಲಂಟ್ ಸೋರಿ ಒಣಗಿದ ಗುಲಾಬಿ ಬಣ್ಣದ ಕಲೆಯನ್ನು ಟಾರ್ಚ್ ಹಿಡಿದು ಹುಡುಕಿದರೆ ಕಾಣುತ್ತದೆ.

ಗೇರ್‌ಬಾಕ್ಸನ್ನು ಹೆದ್ದಾರಿಯಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲವೂ ನಯವಾಗಿಯೇ ಇರುತ್ತದೆ. ಸಿಲ್ಕ್ ಬೋರ್ಡಿನಂಥ ತೆವಳುವ ಟ್ರಾಫಿಕ್ಕಿನಲ್ಲಿ, ಒಂದರಿಂದ ಎರಡನೆಯ ಗೇರಿಗೆ ಹೋಗಿ ಮರಳುವಾಗ ನಡುಗುತ್ತದೆಯೇ, ಬೇಸ್‌ಮೆಂಟಿನ ಏರಿನಲ್ಲಿ ರಿವರ್ಸ್ ಹಾಕಿದಾಗ ತಡವರಿಸುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಈ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರನ್ನು ಸುಮಾರು 60 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಬೇಕು, ಹಿಂಚಕ್ರಗಳಿಗೆ ಶಕ್ತಿ ಹಂಚುವ ಹಾಲ್ಡೆಕ್ಸ್ ಘಟಕದ ಆಯಿಲನ್ನೂ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಹಂಪುಗಳ ಮೇಲೆ ನಿಧಾನವಾಗಿ ಹಾಯುವಾಗ ಮುಂದಿನಿಂದ ಟಕ್ ಎಂಬ ಸದ್ದು ಬಂದರೆ ಬುಷ್ ಅಥವಾ ಲಿಂಕ್ ರಾಡ್ ಸವೆದಿರುತ್ತದೆ, ಅದು ಹೆಚ್ಚಿನ ಖರ್ಚಲ್ಲ. ಶಾಕ್ ಅಬ್ಸಾರ್ಬರಿನ ಗಡಸುತನವನ್ನು ತಾನೇ ಬದಲಿಸುವ ಮ್ಯಾಗ್ನೆಟಿಕ್ ರೈಡ್ ಇರುವ ಗಾಡಿಯಲ್ಲಿ ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಮಾತ್ರ ಖರ್ಚು ದೊಡ್ಡದು. ಗಾಡಿಯ ತಳವನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡದೆ ಮುಂಗಡ ಕೊಡಬಾರದು. ಅವೈಜ್ಞಾನಿಕ ಹಂಪುಗಳಿಗೆ ತಾಗಿ ಮುಂದಿನ ಬಂಪರಿನ ಅಡಿಭಾಗ ಕಿತ್ತುಹೋಗದ ಟಿಟಿಯನ್ನು ನಮ್ಮಲ್ಲಿ ಕಾಣುವುದೇ ಅಪರೂಪ.

ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ, ಶಕ್ತಿ ಹೆಚ್ಚಿಸಿಕೊಂಡ ಗಾಡಿಗಳು ಬೆಂಗಳೂರಿನಲ್ಲಿ ಬಹಳ. ಸೈಲೆನ್ಸರಿನ ಸದ್ದೇ ಕೆಲವೊಮ್ಮೆ ಅದನ್ನು ಸಾರಿ ಹೇಳುತ್ತದೆ, ಇಲ್ಲದಿದ್ದರೆ ಸ್ಕ್ಯಾನರ್ ಹಾಕಿಸಿ ಕೇಳಬೇಕು. ಅದೇ ಸ್ಕ್ಯಾನರಿನಿಂದ ಬೇರೆ ಬೇರೆ ಕಂಪ್ಯೂಟರ್ ಘಟಕಗಳಲ್ಲಿ ದಾಖಲಾದ ಕಿಲೋಮೀಟರನ್ನು ಮೀಟರಿನ ಅಂಕಿಯೊಂದಿಗೆ ಹೋಲಿಸಲೂ ಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ಕ್ಲೇಮಿಗೆ ಅಡ್ಡಿಯಾಗಬಹುದು, ಹಾಗಾಗಿ ನಾನಾದರೆ ಕಂಪನಿಯಿಂದ ಬಂದಂತೆಯೇ ಇರುವ ಗಾಡಿಗೆ ಸ್ವಲ್ಪ ಹೆಚ್ಚೇ ಕೊಟ್ಟೇನು.

ಕಾಗದಪತ್ರ ಮತ್ತು ತೆರಿಗೆ

ದೆಹಲಿಯ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಅಲ್ಲಿ ಬಂದ ನಿರ್ಬಂಧದ ಅಳುಕಿನಿಂದ ಆ ವಯಸ್ಸು ಸಮೀಪಿಸಿದಂತೆ ಬೆಲೆ ಇಳಿಯುತ್ತದೆ. ಅಂಥದನ್ನು ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಪಡೆದು, ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿ ಜೀವಾವಧಿ ತೆರಿಗೆ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಹೊಸ ಕಾರಿಗೆ ನಮ್ಮ ರಾಜ್ಯದ ತೆರಿಗೆ ದರ ಶೇ 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಸಿಗುತ್ತದೆ, ಆದರೆ ಲೆಕ್ಕ ಹಿಡಿಯುವುದು ತಾವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಮರುಪಾವತಿಗೆ ಅರ್ಜಿ ಹಾಕಬಹುದಾದರೂ ಆ ಹಣವನ್ನು ನಂಬಿ ಲೆಕ್ಕ ಹಾಕಬಾರದು. ಇವೆಲ್ಲವನ್ನು ಕೂಡಿಸಿದರೆ ಕೆಎ ನೋಂದಣಿಯ ಗಾಡಿ ಎಷ್ಟೋ ಸಲ ಅಗ್ಗವಾಗಿಯೇ ಬೀಳುತ್ತದೆ. ಎರಡನೆಯ ತಲೆಮಾರಿನ ಟಿಟಿಯಾದರೆ ಆರ್‌ಸಿಯ ಹದಿನೈದು ವರ್ಷದ ಅವಧಿ ಮುಗಿದಿದೆಯೇ, ನವೀಕರಣವಾಗಿದೆಯೇ ಎಂಬುದನ್ನೂ ನೋಡಬೇಕು.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಇಂಥ ಕಾರುಗಳು ಅನೇಕವೇಳೆ ಕಂಪನಿಯ ಹೆಸರಿನಲ್ಲಿರುವುದರಿಂದ ಸಹಿ ಹಾಕುವವನಿಗೆ ಅಧಿಕಾರವಿದೆ ಎಂಬ ಕಂಪನಿಯ ಪತ್ರವನ್ನೂ ಪಡೆದಿಡಿ. ಬಾಕಿ ಉಳಿದ ದಂಡಗಳನ್ನು ಮಾರುವವನೇ ಕಟ್ಟಿ ತೀರಿಸಲಿ. ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕನ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ.

ಬೆಲೆ ಮಾತಾಡುವಾಗ ಎಂಜಿನ್ ಭಾಗಗಳಿಗಿಂತ ಹೊರಭಾಗಗಳಿಗೆ ಹೆಚ್ಚು ಹೆದರಬೇಕು. ಫಿಲ್ಟರ್, ಬ್ರೇಕ್ ಪ್ಯಾಡ್, ಸೆನ್ಸರುಗಳು ಸಹೋದರ ಗಾಡಿಗಳ ದೆಸೆಯಿಂದ ಸಿಗುತ್ತವೆ. ಹೆಡ್‌ಲೈಟು, ಹಿಂದಿನ ಗಾಜು, ಬಂಪರು ಟಿಟಿಗೆ ಮಾತ್ರ ಸೇರಿದವು. ಅವನ್ನು ಹೊರದೇಶದಿಂದ ತರಿಸಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಹೆಡ್‌ಲೈಟಿನೊಳಗೆ ತೇವ ಕಟ್ಟಿದ್ದರೆ ಅದನ್ನು ಸಣ್ಣ ಕೊರತೆಯೆಂದು ಮಾರುವವನು ತಳ್ಳಿಹಾಕಲು ಬಿಡಬಾರದು. ಕೊಂಡ ಬೆಲೆಯ ಹತ್ತರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಬೇರೆಯಾಗಿ ಎತ್ತಿಡಬೇಕು.

ಗಾಡಿ ಮನೆಗೆ ಬಂದ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಹಾಲ್ಡೆಕ್ಸ್ ಮೂರರ ಆಯಿಲನ್ನೂ ಬ್ರೇಕ್ ದ್ರವವನ್ನೂ ಬದಲಿಸಿ, ಅಂದಿನ ಕಿಲೋಮೀಟರ್ ಬರೆದಿಡಿ. ಪೆಟ್ರೋಲ್ 95 ಆಕ್ಟೇನ್ ಇರಲಿ. 2023ರ ಏಪ್ರಿಲ್‌ಗೂ ಹಿಂದಿನ ಗಾಡಿಗಳನ್ನು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆಂದು ತಯಾರಿಸಿರಲಿಲ್ಲವಾದ್ದರಿಂದ, ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡುವಂತೆ ಮೆಕ್ಯಾನಿಕ್‌ಗೆ ಹೇಳಿಡಬೇಕು. ಎರಡು ವಾರಕ್ಕಿಂತ ಹೆಚ್ಚು ಊರಿನಲ್ಲಿರದಿದ್ದರೆ ಬ್ಯಾಟರಿ ಇಳಿಯದಂತೆ ನಿಧಾನವಾಗಿ ಚಾರ್ಜ್ ಮಾಡುತ್ತಿರುವ ಟ್ರಿಕಲ್ ಚಾರ್ಜರ್ ಹಾಕಿ ಹೋಗಿ. ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲವಾದರೆ, ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಗಾಡಿಯನ್ನು ಚೆನ್ನಾಗಿ ಬಿಸಿಯೇರುವಷ್ಟು ಓಡಿಸಿ ತರಲು ನಂಬಿಕೆಯವರೊಬ್ಬರಿಗೆ ಕೀಲಿ ಕೊಟ್ಟು ಹೋಗಿ.